ಎಡಗಡೆ ಹಿಂದಿನ ಚಕ್ರ

ಅರವತ್ತಮೂರು ವರ್ಷದ ಗಂಡಸಿಗೆ ಮೂವತ್ತನಾಲ್ಕು ವರ್ಷದ ಹೆಣ್ಣುಮಗಳ ಮೇಲೆ ಹೊಟ್ಟೆಕಿಚ್ಚು ಬಂದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ವೆಂಕಟರಂಗಯ್ಯ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಎಂಟು ತಿಂಗಳು ಅದನ್ನು ಹೊಟ್ಟೆಯಲ್ಲೇ ಸಾಕಿಕೊಂಡ. ವಾರಕ್ಕೊಂದು ಸಲ ತುಮಕೂರಿನ ಶೆಟ್ಟಿಹಳ್ಳಿಯಿಂದ ಹೊರಟು, ಬಸ್ಸು ಹತ್ತಿ ಗುಬ್ಬಿಗೆ ಹೋಗಿ, ಅದಕ್ಕೆ ಇನ್ನಷ್ಟು ಮೇವು ಹಾಕಿಸಿಕೊಂಡು ಬರುತ್ತಿದ್ದ.

ಆ ಹೆಣ್ಣುಮಗಳ ಹೆಸರು ಪ್ರಮೀಳಾ. ಗುಬ್ಬಿಯಲ್ಲಿ ಹೆದ್ದಾರಿ ಪಕ್ಕ ಗ್ಯಾರೇಜ್ ನಡೆಸುತ್ತಾಳೆ. ಅವಳ ಅಪ್ಪ ಚಿಕ್ಕಹನುಮಯ್ಯ ಒಂದು ಕಾಲದಲ್ಲಿ ಅಂತರ್ಜಲ ಇಲಾಖೆಯಲ್ಲಿ, ಡ್ರೈವರೂ ಮೆಕ್ಯಾನಿಕ್ಕೂ ಆಗಿದ್ದ ವೆಂಕಟರಂಗಯ್ಯನ ಕೈಕೆಳಗೆ ಹೆಲ್ಪರ್ ಆಗಿದ್ದವನು. ಆರು ವರ್ಷ ಸ್ಪ್ಯಾನರ್ ಎತ್ತಿಕೊಟ್ಟು, ಆಮೇಲೆ ಕೆಲಸ ಬಿಟ್ಟು ಬಂದು ಈ ಗ್ಯಾರೇಜ್ ತೆರೆದ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಕಿವಿ ಅವನದು. ಅದು ತನಗಿಂತ ಚುರುಕಾದ ಕಿವಿ ಎಂಬುದು ವೆಂಕಟರಂಗಯ್ಯನಿಗೆ ಗೊತ್ತಿತ್ತು, ಆದರೆ ಯಾವತ್ತೂ ಬಾಯಿಬಿಟ್ಟು ಒಪ್ಪಿಕೊಂಡವನಲ್ಲ. ಮೂರು ವರ್ಷದ ಹಿಂದೆ ಚಿಕ್ಕಹನುಮಯ್ಯ ತೀರಿಕೊಂಡಾಗ, ಸತ್ತವನ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಸರಿಯಲ್ಲವೆಂದು ಅದನ್ನು ಅಲ್ಲಿಗೇ ಬಿಟ್ಟಿದ್ದ. ಈಗ ನೋಡಿದರೆ ಅದು ಮಗಳ ಮೇಲೆ ಚಿಗುರಿತ್ತು.

ಚಿಗುರುವುದಕ್ಕೆ ಕಾರಣ ಒಂದು ಜೋಂಗಾ. ಜೋಂಗಾ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗುಡ್ಡ ಹತ್ತುವುದಕ್ಕೆ, ಹಳ್ಳ ದಾಟುವುದಕ್ಕೆ ಮಿಲಿಟರಿಯವರು ಇಟ್ಟುಕೊಂಡಿದ್ದ ದಪ್ಪ ಮೂತಿಯ ಜೀಪು. ಮಿಲಿಟರಿಯವರು ಹರಾಜು ಹಾಕಿದ ಒಂದನ್ನು ಅಂತರ್ಜಲ ಸರ್ವೆಗೆಂದು ಇಲಾಖೆಯವರು ತುಮಕೂರಿಗೆ ತಂದಾಗ ವೆಂಕಟರಂಗಯ್ಯ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಓಡಿಸುವವನೂ ಅವನೇ, ರಿಪೇರಿ ಮಾಡುವವನೂ ಅವನೇ. ಪಾವಗಡದ ಬಂಡೆಗಳ ಮೇಲೆ, ಮಧುಗಿರಿಯ ಕೊರಕಲುಗಳಲ್ಲಿ, ತಿಂಗಳುಗಟ್ಟಲೆ ಕ್ಯಾಂಪಿನಲ್ಲಿ ಅವನೂ ಅದೂ ಒಟ್ಟಿಗೇ ಇದ್ದರು. ಅವನ ಹೆಂಡತಿ ಚೆನ್ನಮ್ಮ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು.

ಬೇರೆ ಡ್ರೈವರುಗಳು ಆ ಜೀಪು ತೆಗೆದುಕೊಂಡು ಹೋದರೆ ನಲವತ್ತು ಕಿಲೋಮೀಟರಿನೊಳಗೆ ಹಿಂದಿನಿಂದ ಗಡಗಡ ಶುರುವಾಗುತ್ತಿತ್ತು. ಹೆದರಿಕೊಂಡು ವಾಪಸು ಬರುತ್ತಿದ್ದರು. ವೆಂಕಟರಂಗಯ್ಯ ಕೂತರೆ ಪಾವಗಡಕ್ಕೆ ಹೋಗಿ ಬಂದರೂ ಚಕಾರವಿಲ್ಲ. "ರಂಗಯ್ಯನ ಕೈಗಲ್ದೆ ಇದು ಯಾರ ಕೈಗೂ ಒಗ್ಗಲ್ಲ" ಎಂದು ಸಾಹೇಬರುಗಳೇ ಹೇಳುತ್ತಿದ್ದರು. ಅವನು ರಿಟೈರಾದ ದಿನ ಶಾಲು ಹೊದಿಸಿ ಮಾತಾಡಿದವರೆಲ್ಲ ಆ ಮಾತನ್ನೇ ಆಡಿದರು. ಮೂವತ್ತೈದು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಬಿರುದು ಅದೊಂದೇ.

ಆ ಬಿರುದಿನ ಗುಟ್ಟು ಎಡಗಡೆ ಹಿಂದಿನ ಚಕ್ರದಲ್ಲಿತ್ತು.

ಜೋಂಗಾದ ಬಲಗಡೆ ಚಕ್ರಗಳ ನಟ್ಟು ಎಲ್ಲ ಗಾಡಿಗಳಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡಗಡೆಯದು ಉಲ್ಟಾ, ಎಡಕ್ಕೆ ತಿರುಗಿಸಬೇಕು. ಚಕ್ರ ಮುಂದಕ್ಕೆ ಉರುಳುವಾಗ ನಟ್ಟು ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು ಅದು. ಒಂದು ಸಲ ಪಾವಗಡದ ಹತ್ತಿರ ಎಡಗಡೆ ಹಿಂದಿನ ಚಕ್ರದ ಬೋಲ್ಟುಗಳು ತುಂಡಾಗಿ, ಅವು ಕೂತಿದ್ದ ಡ್ರಮ್ಮೂ ಹಾಳಾಯಿತು. ವೆಂಕಟರಂಗಯ್ಯ ಎಲ್ಲೋ ಬಿದ್ದಿದ್ದ ಗುಜರಿ ಜೋಂಗಾದ ಬಲಗಡೆ ಡ್ರಮ್ ಬಿಚ್ಚಿ ತಂದು ಎಡಗಡೆಗೆ ಹಾಕಿ ಗಾಡಿಯನ್ನು ಹೇಗೋ ಊರಿಗೆ ಮುಟ್ಟಿಸಿದ. ಸವೆದ ಡ್ರಮ್ಮು, ಸೇರಬಾರದ ಕಡೆ ಸೇರಿದ ನಟ್ಟು. ನಲವತ್ತು ಕಿಲೋಮೀಟರಿಗೊಮ್ಮೆ ಸಡಿಲವಾಗುತ್ತಿತ್ತು. ಆಮೇಲೆ ಸರಿಮಾಡಿಸೋಣವೆಂದುಕೊಂಡ. ಅಷ್ಟರಲ್ಲಿ ಬೇರೆ ಡ್ರೈವರೊಬ್ಬ ಗಡಗಡ ಸದ್ದಿಗೆ ಹೆದರಿ ಗಾಡಿ ವಾಪಸು ತಂದ, ಸಾಹೇಬರು "ರಂಗಯ್ಯನೇ ಬೇಕು ಕಣ್ರೀ" ಎಂದರು. ಆ ಮಾತು ಕಿವಿಗೆ ಬಹಳ ಹಿತವಾಗಿತ್ತು. ಸರಿಮಾಡಿಸುವುದನ್ನು ಅವನು ಮರೆಯಲಿಲ್ಲ, ಬೇಕೆಂದೇ ಬಿಟ್ಟ. ತಾನು ಓಡಿಸುವಾಗ ನಲವತ್ತಕ್ಕೆ ಸರಿಯಾಗಿ ನಿಲ್ಲಿಸಿ, ಟೈರು ಬಿಸಿಯಾಗಿದೆಯಾ ನೋಡುತ್ತೇನೆಂದು ಇಳಿದು, ಹಳೇ ಖಾಕಿ ಬಟ್ಟೆಯಲ್ಲಿ ಸುತ್ತಿದ್ದ ಸ್ವಂತ ವೀಲ್ ಸ್ಪ್ಯಾನರ್ ತೆಗೆದು ಐದು ನಟ್ಟುಗಳನ್ನು ಬಲಕ್ಕೆ ಬಿಗಿಯುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ಗಾಡಿ ಶೆಡ್ಡು ಸೇರಿತು.

ಹೋದ ವರ್ಷ ಇಲಾಖೆಯವರು ಅದನ್ನು ಹರಾಜು ಹಾಕಿದಾಗ ಕುಣಿಗಲ್‌ನ ಕೃಷ್ಣಕುಮಾರ್ ತೆಗೆದುಕೊಂಡ. ಅವನು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಷಿಫ್ಟ್ ಇನ್‌ಚಾರ್ಜ್. ಊರಲ್ಲಿ ತೆಂಗಿನ ತೋಟವೂ ಇದೆ, ಹಳೇ ಗಾಡಿಯ ಹುಚ್ಚೂ ಇದೆ. ಜೋಂಗಾ ಸರಿಮಾಡಿಸಿಕೊಂಡು ಜೂನ್ ತಿಂಗಳಲ್ಲಿ ಲಡಾಖ್‌ಗೆ ಹೋಗಿಬರಬೇಕು, ದಾರಿಯಲ್ಲಿ ನೋಡಿಕೊಳ್ಳುವುದಕ್ಕೆ ಒಬ್ಬ ಮೆಕ್ಯಾನಿಕ್ ಕರೆದುಕೊಂಡು ಹೋಗಬೇಕು ಎಂಬುದು ಅವನ ಲೆಕ್ಕಾಚಾರ. ಸುದ್ದಿ ಕೇಳಿದ ದಿನವೇ ವೆಂಕಟರಂಗಯ್ಯ ಕಪಾಟಿನಿಂದ ಸ್ವೆಟರ್ ತೆಗೆದು ಬಿಸಿಲಿಗೆ ಹಾಕಿದ. ಪಾವಗಡದಾಚೆ ಆ ಗಾಡಿಯನ್ನು ಓಡಿಸುವ ಭಾಗ್ಯ ಅವನಿಗೆ ಸಿಕ್ಕಿರಲಿಲ್ಲ. ಹಿಮದ ಬೆಟ್ಟಗಳ ನಡುವೆ ಅದರ ಮೂತಿ ಹೇಗೆ ಕಾಣುತ್ತದೋ ಎಂದು ಯೋಚಿಸುತ್ತಾ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೃಷ್ಣಕುಮಾರ್ ಗಾಡಿ ಕೊಟ್ಟದ್ದು ಪ್ರಮೀಳಾಗೆ. ಲಡಾಖ್‌ಗೆ ಕೇಳಿದ್ದೂ ಅವಳನ್ನೇ.

ಅವಳು ಕೆಲಸ ಕೆಡಿಸಿದ್ದರೆ ಅವನು ಕ್ಷಮಿಸಿಬಿಡುತ್ತಿದ್ದ. ಕೆಡಿಸಲಿಲ್ಲ. ಎಂಜಿನ್ ಇಳಿಸಿ ಒಂದೊಂದು ತುಂಡನ್ನೂ ಡೀಸೆಲ್ಲಿನಲ್ಲಿ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದ್ದಳು. ತುಕ್ಕು ಹಿಡಿದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದಿದ್ದಳು, ಬೆಸುಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದರೂ ಅವನಿಗೆ ಸಿಗಲಿಲ್ಲ. ಬೈಯುವುದಕ್ಕೆ ಏನೂ ಸಿಗದೆ ಬಣ್ಣಕ್ಕೆ ಮೂಗು ಮುರಿದು ಬರುತ್ತಿದ್ದ. ಹೋದಾಗಲೆಲ್ಲ ಅವಳು "ಬನ್ನಿ ದೊಡ್ಡಪ್ಪ, ಟೀ ತರಿಸ್ತೀನಿ" ಎಂದು ಸ್ಟೂಲು ಹಾಕಿಕೊಡುತ್ತಿದ್ದಳು. ಆ ಸ್ಟೂಲಿನ ಮೇಲೆ ಕೂತರೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು.

ಐದನೇ ತಿಂಗಳಲ್ಲಿ ಒಂದು ದಿನ ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಅವನ ಕಣ್ಣು ನೇರ ಎಡಗಡೆ ಹಿಂದಿನ ಡ್ರಮ್ಮಿಗೆ ಹೋಯಿತು. ಪ್ರಮೀಳಾ ಕೈ ಒರೆಸಿಕೊಳ್ಳುತ್ತಾ ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ದೊಡ್ಡಪ್ಪ, ಈ ಗಾಡಿ ಬಗ್ಗೆ ನಂಗೆ ಹೇಳ್ಬೇಕಾದ್ದು ಏನಾದ್ರೂ ಐತಾ?"

"ಏನೈತಮ್ಮ. ಎಲ್ಲಾ ನಿಂಗೇ ಗೊತ್ತಲ್ಲ."

"ಚಕ್ರದ್ದು, ಬ್ರೇಕಿಂದು, ಏನಾದ್ರೂ?"

"ಏನೂ ಇಲ್ಲ ಕಣಮ್ಮ."

ಅವಳು ಒಂದು ಗಳಿಗೆ ಅವನ ಮುಖ ನೋಡಿ ಎದ್ದು ಹೋದಳು. ವೆಂಕಟರಂಗಯ್ಯನಿಗೆ ಅವತ್ತು ಬಸ್ಸಿನಲ್ಲಿ ಶಿಳ್ಳೆ ಹೊಡೆಯಬೇಕೆನಿಸಿತು. ಇವಳ ಕೆಲಸದವರು ಗಾಳಿ ಗನ್ನಿನಲ್ಲಿ ಟರ್ರೆಂದು ನಟ್ಟು ಬಿಚ್ಚುವವರು, ಅವರಿಗೆ ಎಡ ಯಾವುದು ಬಲ ಯಾವುದು ಎಲ್ಲಿ ತಿಳಿಯಬೇಕು. ಎಲ್ಲ ಕಂಡವಳಿಗೆ ಅದೊಂದು ಕಾಣಲಿಲ್ಲ. ಅಪ್ಪನ ಕಿವಿ ಬಂದಿರಬಹುದು, ಕಣ್ಣು ಬಂದಿಲ್ಲ ಎಂದು ಖುಷಿಪಟ್ಟ.

ಅವತ್ತೇ ಅವನ ತಲೆಯಲ್ಲಿ ಉಪಾಯವೊಂದು ಕೂತಿತು. ಗಾಡಿ ರೆಡಿಯಾಗಿ ಮೊದಲ ಸಲ ಗುಬ್ಬಿಯಿಂದ ಕುಣಿಗಲ್‌ಗೆ ಹೊರಡುವಾಗ ತಾನೂ ಜೊತೆಗಿರಬೇಕು. ತುಮಕೂರು ದಾಟಿ, ಗೂಳೂರು ದಾಟಿ, ಹೆಬ್ಬೂರಿನ ಆಸುಪಾಸಿನಲ್ಲಿ ನಲವತ್ತು ಕಿಲೋಮೀಟರಾಗುತ್ತದೆ. ಗಡಗಡ ಶುರುವಾಗುತ್ತದೆ. ಪ್ರಮೀಳಾ ಬಾನೆಟ್ ಎತ್ತಿ, ಗಾಡಿಯಡಿ ಮಲಗಿ, ಏನೂ ತೋಚದೆ ನಿಲ್ಲುತ್ತಾಳೆ. ಆಗ ತಾನು ಇಳಿದು, ಖಾಕಿ ಬಟ್ಟೆ ಬಿಚ್ಚಿ, ಎರಡು ನಿಮಿಷದಲ್ಲಿ ಸರಿಮಾಡುತ್ತೇನೆ. ಲಡಾಖ್‌ಗೆ ಯಾರನ್ನು ಕರೆದುಕೊಂಡು ಹೋಗಬೇಕೆಂದು ಕೃಷ್ಣಕುಮಾರನಿಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾರಿಗೂ ಏನೂ ಅಪಾಯವಿಲ್ಲ, ಸ್ವಲ್ಪ ಅವಮಾನ ಅಷ್ಟೇ, ಅದೂ ಅವಳಿಗೆ.

ಹೊರಡುವ ದಿನ ಶುಕ್ರವಾರ. ರಾಹುಕಾಲಕ್ಕೆ ಮೊದಲೇ ಪೂಜೆ ಮುಗಿಸಬೇಕೆಂದು ವೆಂಕಟರಂಗಯ್ಯ ಎಂಟಕ್ಕೇ ಗುಬ್ಬಿ ತಲುಪಿದ. ಗ್ಯಾರೇಜಿನ ಮುಂದೆ ಜೋಂಗಾ ನಿಂತಿತ್ತು. ಪಾಚಿ ಹಸಿರು ಬಣ್ಣ, ಮೂತಿಗೆ ಸೇವಂತಿಗೆ ಹಾರ, ಚಕ್ರಗಳಿಗೆ ಬೆಳ್ಳಗೆ ಹೊಳೆಯುವ ಹೊಸ ಕ್ಯಾಪುಗಳು. ನಟ್ಟುಗಳು ಕ್ಯಾಪಿನೊಳಗೆ ಅಡಗಿದ್ದವು. ಮದುವೆ ಹೆಣ್ಣಿಗೆ ಮಾಡಿದಂತೆ ಮಾಡಿದ್ದಾಳೆ ಎಂದುಕೊಂಡ. ಅವನ ಕಾಲದಲ್ಲಿ ಅದು ಯಾವತ್ತೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

ಮಂಗಳಾರತಿ ಆದಮೇಲೆ ಪ್ರಮೀಳಾ ಕುಂಕುಮ ತುಂಬಿದ ಬೂದುಗುಂಬಳಕಾಯಿ ಎತ್ತಿಕೊಂಡು ನೇರ ಅವನ ಹತ್ತಿರ ಬಂದಳು.

"ದೃಷ್ಟಿ ನೀವೇ ತೆಗೀರಿ ದೊಡ್ಡಪ್ಪ. ನಿಮ್ಗಿಂತ ಈ ಗಾಡಿಗೆ ಹತ್ರದವ್ರು ಯಾರವ್ರೆ."

ಯಾರ ಕಣ್ಣು ಆ ಗಾಡಿಯ ಮೇಲೆ ಎಂಟು ತಿಂಗಳಿಂದ ಬಿದ್ದಿತ್ತೋ ಅವನ ಕೈಯಲ್ಲೇ ಕುಂಬಳಕಾಯಿ. ಮೂರು ಸುತ್ತು ನಿವಾಳಿಸಿ ರಸ್ತೆಗೆ ಎತ್ತಿ ಹಾಕಿದ. ಕಾಯಿ ಒಡೆದು ಕುಂಕುಮ ಅವನ ಪಂಚೆಗೇ ಸಿಡಿಯಿತು.

ಕೃಷ್ಣಕುಮಾರ್ ಸ್ಟೇರಿಂಗ್ ಹಿಡಿದ, ಪಕ್ಕದಲ್ಲಿ ಪ್ರಮೀಳಾ. ವೆಂಕಟರಂಗಯ್ಯ ಹಿಂದೆ ಹತ್ತಿದ. ಜೋಂಗಾದ ಹಿಂಭಾಗದಲ್ಲಿ ಎರಡು ಕಡೆಗೂ ಎದುರುಬದುರು ಬೆಂಚುಗಳು. ಅವನು ಬಲಗಡೆ ಬೆಂಚಿನ ಮೇಲೆ ಕೂತು ಸ್ಪ್ಯಾನರ್ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಎಡಗಡೆ ಬೆಂಚು ಖಾಲಿಯಿತ್ತು. ಅದರ ಕೆಳಗೇ ಆ ಚಕ್ರ.

ಎಲ್ಲ ಅವನು ಅಂದುಕೊಂಡ ಹಾಗೇ ನಡೆಯುತ್ತಿತ್ತು, ಶೆಟ್ಟಿಹಳ್ಳಿಯವರೆಗೆ. ಅಲ್ಲಿ ಕೃಷ್ಣಕುಮಾರ್ ವೆಂಕಟರಂಗಯ್ಯನ ಮನೆ ಮುಂದೆಯೇ ಗಾಡಿ ನಿಲ್ಲಿಸಿದ. ಗೇಟಿನಲ್ಲಿ ಚೆನ್ನಮ್ಮ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದಳು.

"ನೀನ್ಯಾಕೆ?" ಎಂದ ವೆಂಕಟರಂಗಯ್ಯ.

"ಪ್ರಮೀಳಾ ಫೋನ್ ಮಾಡಿದ್ಲು, ಬಾ ದೊಡ್ಡಮ್ಮ ಅಂತ. ಕುಣಿಗಲ್‌ನಾಗೆ ನಮ್ಮಕ್ಕನ್ನೂ ನೋಡ್ದಂಗಾಯ್ತು. ಮೂವತ್ತೈದು ವರ್ಷ ಸವತಿ ಜೊತೆ ಬಾಳಿವ್ನಿ, ಒಂದಿನಾನೂ ಹತ್ತಿಸ್ಕಂಡಿದ್ರಾ?"

ಹೇಳುತ್ತಲೇ ಹತ್ತಿ, ಖಾಲಿಯಿದ್ದ ಎಡಗಡೆ ಬೆಂಚಿನ ಮೇಲೆ ಕೂತಳು.

"ಈ ಕಡೆ ಬಾರೇ."

"ಯಾಕೆ, ಇಲ್ಲೇ ಗಾಳಿ ಬತ್ತದೆ. ಸುಮ್ಕೆ ಕೂತ್ಕಳಿ."

ಗೂಳೂರು ದಾಟುತ್ತಲೇ ಕೃಷ್ಣಕುಮಾರನಿಗೆ ಹುಮ್ಮಸ್ಸು ಬಂತು. ಸರ್ವೆ ಕಾಲದಲ್ಲಿ ವೆಂಕಟರಂಗಯ್ಯ ಅದನ್ನು ಗಂಟೆಗೆ ನಲವತ್ತರ ಮೇಲೆ ಓಡಿಸಿದವನಲ್ಲ, ರಸ್ತೆಯೂ ಹಾಗಿರಲಿಲ್ಲ. ಈಗ ಮುಳ್ಳು ಎಪ್ಪತ್ತು ಮುಟ್ಟಿತು, ಎಪ್ಪತ್ತೈದಾಯಿತು. ಎಂಜಿನ್ ಒಂದೇ ಉಸಿರಿನಲ್ಲಿ ಹಾಡುತ್ತಿತ್ತು. ಎಷ್ಟು ಚೆನ್ನಾಗಿ ಕೂರಿಸಿದ್ದಾಳೆ ಮುಂಡೇದು ಎಂದು ಅವನ ಹೊಟ್ಟೆ ಮತ್ತೊಮ್ಮೆ ಉರಿಯಿತು. ಆ ಉರಿಯ ನಡುವೆಯೇ ಒಂದು ತಣ್ಣನೆಯ ಭಯ ಬೆನ್ನು ಹತ್ತಿತು. ಈ ವೇಗದಲ್ಲಿ ಗಡಗಡ ಸದ್ದಿಗೆ ಪುರುಸೊತ್ತು ಸಿಗುತ್ತದೆಯೇ? ನಟ್ಟು ಸಡಿಲವಾಗಿ ಚಕ್ರ ಒಮ್ಮೆಗೇ ಕಳಚಿಕೊಂಡರೆ?

ಎದುರಿಗೆ ಚೆನ್ನಮ್ಮ ಡಬ್ಬಿ ತೆಗೆದು ಕೋಡುಬಳೆ ಮುರಿದು ಮುಂದಿನವರಿಗೆ ಕೊಡುತ್ತಿದ್ದಳು. ತಲೆಗೂದಲು ಗಾಳಿಗೆ ಹಾರಿ ಮುಖದ ಮೇಲೆ ಬೀಳುತ್ತಿತ್ತು. ಸವತಿ ಎಂದು ಬೈಯುತ್ತಿದ್ದ ಗಾಡಿಯಲ್ಲಿ ಚಿಕ್ಕ ಹುಡುಗಿಯ ಹಾಗೆ ಖುಷಿಯಾಗಿದ್ದಳು. ವೆಂಕಟರಂಗಯ್ಯ ಕಿವಿಯೆಲ್ಲ ಅವಳ ಕಾಲಕೆಳಗಿನ ಚಕ್ರಕ್ಕೆ ಕೊಟ್ಟು ಕೂತ. ಗುಬ್ಬಿಯಿಂದ ಮೂವತ್ತೆಂಟು ಕಿಲೋಮೀಟರು. ಮೂವತ್ತೊಂಬತ್ತು. ಸದ್ದಿಲ್ಲ. ಹೇಳಿಬಿಟ್ಟರೆ ಹನ್ನೊಂದು ವರ್ಷದ ಸುಳ್ಳು ಬಯಲಾಗುತ್ತದೆ, ಲಡಾಖ್ ಕೈತಪ್ಪುತ್ತದೆ, ಆ ಶಾಲಿಗೂ ಮಾನವಿರುವುದಿಲ್ಲ. ಇನ್ನೊಂದು ಕಿಲೋಮೀಟರು ನೋಡೋಣ, ಸದ್ದು ಬರಬಹುದು ಎಂದುಕೊಂಡ. ಹೆಬ್ಬೂರು ದಾಟಿತು. ಎದುರಿನಿಂದ ಕೊಬ್ಬರಿ ಲಾರಿಯೊಂದು ಬಂತು, ಕೃಷ್ಣಕುಮಾರ್ ಗಾಡಿಯನ್ನು ಎಡಕ್ಕೆ ಎಳೆದ. ಚೆನ್ನಮ್ಮ ಬೆಂಚಿನ ಮೇಲೆ ವಾಲಿದಳು.

"ನಿಲ್ಸು" ಎಂದು ಕೂಗಿದ ವೆಂಕಟರಂಗಯ್ಯ. "ನಿಲ್ಸಪ್ಪ ಗಾಡಿ."

ಗಾಡಿ ನಿಲ್ಲುವ ಮೊದಲೇ ಇಳಿದಿದ್ದ. ಎಡಗಡೆಗೆ ಬಂದು ಮಂಡಿಯೂರಿ, ಸ್ಪ್ಯಾನರಿನ ತುದಿಯಿಂದ ಕ್ಯಾಪ್ ಮೀಟಿ ತೆಗೆದು, ಮೊದಲ ನಟ್ಟಿಗೆ ಸ್ಪ್ಯಾನರ್ ಕೂರಿಸಿ, ಮೈಭಾರವೆಲ್ಲ ಹಾಕಿ ಬಲಕ್ಕೆ ಒತ್ತಿದ. ಮೊದಲು ಕಲ್ಲಿನಂತೆ ಗಟ್ಟಿಯಿತ್ತು. ಆಮೇಲೆ ಕಿರ್ ಎಂದು ಬಿಟ್ಟುಕೊಂಡು ಸಲೀಸಾಗಿ ತಿರುಗಿತು. ಅವನ ಕೈಗೆ ಗೊತ್ತಾದದ್ದು ತಲೆಗೆ ಹೋಗುವಷ್ಟರಲ್ಲಿ ಎರಡನೇ ನಟ್ಟಿಗೂ ಕೈ ಹಾಕಿದ್ದ. ಸಡಿಲವಾಗಿದ್ದ ನಟ್ಟು ಮೊದಲು ಸಲೀಸಾಗಿ ತಿರುಗಿ ಆಮೇಲೆ ಬಿಗಿಯಾಗಬೇಕು. ಇದು ಬಿಗಿಯಿದ್ದದ್ದು ಸಡಿಲವಾಯಿತು. ಬೆರಳಿಂದ ಮುಟ್ಟಿ ನೋಡಿದ. ಮೊದಲ ನಟ್ಟು ಅಲುಗಾಡುತ್ತಿತ್ತು.

ಹಿಂದೆ ಪ್ರಮೀಳಾ ಬಂದು ನಿಂತಿದ್ದಳು.

"ಈಗ ಅದೂ ಎಡಕ್ಕೇ ಬಿಗಿಯಾಗೋದು ದೊಡ್ಡಪ್ಪ" ಎಂದಳು, ಗಾಡಿಯಲ್ಲಿದ್ದವರಿಗೆ ಕೇಳದಷ್ಟು ಮೆಲ್ಲಗೆ. "ಡ್ರಮ್ಮೇ ಬದಲಾಯಿಸ್ದೆ."

ಅವನು ಮಂಡಿಯ ಮೇಲೆಯೇ ಉಳಿದ.

"ನಿಂಗೆ ಯಾವಾಗ ಗೊತ್ತಾಯ್ತು?"

"ಅಪ್ಪ ಹೇಳಿದ್ರು. ಅವ್ರು ಹೆಲ್ಪರ್ ಆಗಿದ್ದಾಗ್ಲೇ ಗೊತ್ತಿತ್ತಂತೆ. ರಂಗಣ್ಣಂಗೆ ಅದೊಂದೇ ಹೆಸ್ರು, ಯಾರ್ಗೂ ಹೇಳ್ಬ್ಯಾಡ ಅಂದಿದ್ರು. ನೀವೇ ಹೇಳ್ತೀರ ಅಂತ ಅವತ್ತು ನಾನು ಕೇಳ್ದೆ."

ಚಿಕ್ಕಹನುಮಯ್ಯನಿಗೆ ಗೊತ್ತಿತ್ತು. ಸ್ಪ್ಯಾನರ್ ಎತ್ತಿಕೊಡುತ್ತಲೇ ಗೊತ್ತಿತ್ತು. ಹೆದ್ದಾರಿ ಪಕ್ಕ ಗ್ಯಾರೇಜ್ ಇಟ್ಟುಕೊಂಡು ಇಷ್ಟು ವರ್ಷ ಬಂದುಹೋಗುವವರ ಹತ್ತಿರವೆಲ್ಲ ಬಾಯಿ ಬಿಗಿಹಿಡಿದು, ಹಾಗೇ ಸತ್ತು ಹೋದ. ವೆಂಕಟರಂಗಯ್ಯ ಯಾರನ್ನು ಕಂಡು ಕರುಬಿದ್ದನೋ ಅವನು ಬಿಟ್ಟುಕೊಟ್ಟ ಬಿರುದನ್ನೇ ತನ್ನದೆಂದು ಹೊದ್ದುಕೊಂಡು ತಿರುಗಿದ್ದ.

ಕೃಷ್ಣಕುಮಾರ್ ಇಳಿದು ಬಂದ. "ಏನಾಯ್ತು ಯಜಮಾನ್ರೇ?"

"ನಟ್ಟು ನೋಡ್ತಾವ್ರೆ" ಎಂದಳು ಪ್ರಮೀಳಾ, ತಟ್ಟನೆ. "ಹೊಸದಾಗಿ ಕೂರಿಸಿದ್ದಲ್ಲ ಸರ್, ಸ್ವಲ್ಪ ದೂರ ಓಡಿದ್ಮೇಲೆ ಒಂದ್ಸಲ ನೋಡ್ಬೇಕು. ನಂಗೆ ಮರ್ತೇಹೋಗಿತ್ತು."

ಕೃಷ್ಣಕುಮಾರ್ ಬಗ್ಗಿ ನಟ್ಟು ಮುಟ್ಟಿ ನೋಡಿದ. ಅದು ಅಲ್ಲಾಡಿತು. ಅವನ ಮುಖದ ಬಣ್ಣ ಇಳಿಯಿತು.

"ಅಬ್ಬಾ. ನೋಡು ಪ್ರಮೀಳಾ, ಇದಕ್ಕೇ ಹೇಳೋದು. ಕೂತಲ್ಲೇ ಗೊತ್ತಾಗೋಯ್ತಲ್ಲ ಇವ್ರಿಗೆ. ಯಜಮಾನ್ರೇ, ಜೂನ್‌ನಲ್ಲಿ ಫ್ರೀ ಇದೀರಾ? ಲಡಾಖ್‌ಗೆ ನೀವೇ ಬಂದ್ಬಿಡಿ."

ಬಯಸಿದ್ದ ಮಾತು ಬಯಸಿದ್ದ ಜಾಗದಲ್ಲೇ ಬಂತು. ಹೂಂ ಎಂದರೆ ಮುಗಿಯಿತು. ಪ್ರಮೀಳಾ ಏನೂ ಹೇಳುವವಳಲ್ಲ, ಅಪ್ಪನ ಹಾಗೆಯೇ ನುಂಗಿಕೊಳ್ಳುತ್ತಾಳೆ. ತಪ್ಪನ್ನು ಆಗಲೇ ತನ್ನ ಮೇಲೆ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ವೆಂಕಟರಂಗಯ್ಯ ಒಳ್ಳೆಯವನಾಗಿದ್ದರಿಂದ ಬಾಯಿಬಿಟ್ಟ ಎಂದು ಯಾರೂ ತಿಳಿಯಬೇಡಿ. ಅಪ್ಪ ಒಂದು ಸಲ ದೊಡ್ಡವನಾದ, ಈಗ ಮಗಳೂ ದೊಡ್ಡವಳಾಗುತ್ತಿದ್ದಾಳೆ, ಇಬ್ಬರ ಭಿಕ್ಷೆಯಲ್ಲೂ ತಾನೇ ಬದುಕಬೇಕೇ ಎಂಬ ಹೊಟ್ಟೆಕಿಚ್ಚೇ ಅವನ ಬಾಯಿ ಬಿಡಿಸಿತು.

"ಸುಳ್ಳು ಕಣಪ್ಪ" ಎಂದ. "ಇವ್ಳು ಬಿಗಿಯಾಗೇ ಹಾಕಿದ್ಲು. ಈಗ ಸಡಿಲ ಮಾಡಿದ್ದು ನಾನು."

ಆಮೇಲೆ ಎಲ್ಲವನ್ನೂ ಹೇಳಿದ. ಪಾವಗಡ, ಗುಜರಿ ಡ್ರಮ್ಮು, ನಲವತ್ತು ಕಿಲೋಮೀಟರು, ಖಾಕಿ ಬಟ್ಟೆ. ಅವತ್ತು ಗ್ಯಾರೇಜಿನಲ್ಲಿ ಅವಳು ಕೇಳಿದಾಗ ಬೇಕೆಂದೇ ಹೇಳದಿದ್ದದ್ದನ್ನೂ ಹೇಳಿದ. ಕೃಷ್ಣಕುಮಾರ್ ರಸ್ತೆ ನೋಡಿದ. ಲಡಾಖ್ ಮಾತು ಮತ್ತೆ ಎತ್ತಲಿಲ್ಲ.

ವೆಂಕಟರಂಗಯ್ಯ ಸಡಿಲ ಮಾಡಿದ್ದ ನಟ್ಟನ್ನು ಎಡಕ್ಕೆ ತಿರುಗಿಸಲು ಹೋದ. ಹನ್ನೊಂದು ವರ್ಷ ಬಲಕ್ಕೆ ಪಳಗಿದ ಕೈ ಎರಡು ಸಲ ಬಲಕ್ಕೇ ಹೋಯಿತು. ಕೊನೆಗೆ ಸ್ಪ್ಯಾನರ್ ಅನ್ನು ಪ್ರಮೀಳಾ ಕೈಗೆ ಕೊಟ್ಟ. ಅವಳು ಎರಡು ನಟ್ಟುಗಳನ್ನೂ ಬಿಗಿದು, ಕ್ಯಾಪ್ ಕೂರಿಸಿ, ಸ್ಪ್ಯಾನರ್ ವಾಪಸು ಕೊಡಲು ಬಂದಳು. ಗಾಡಿಯಲ್ಲೇ ಇರಲಿ ಎಂದ.

ಹತ್ತಿ ಕೂತಾಗ ಚೆನ್ನಮ್ಮ ಅವನ ಬಲಗೈ ಎಳೆದುಕೊಂಡು ಅಂಗೈ ತಿರುಗಿಸಿ ನೋಡಿದಳು. ಸ್ಪ್ಯಾನರ್ ಒತ್ತಿದ ಕೆಂಪು ಬರೆ ಎದ್ದಿತ್ತು.

"ಕ್ಯಾಂಪಿಂದ ಬಂದಾಗ್ಲೆಲ್ಲ ಇಲ್ಲೇ ಹಿಂಗೇ ಇರ್ತಿತ್ತು" ಎಂದಳು. "ಸ್ಟೇರಿಂಗ್ ಹಿಡ್ದೂ ಹಿಡ್ದೂ ಆಗದೆ ಅಂತಿದ್ರಿ. ನಾನು ಎಣ್ಣೆ ಕಾಯಿಸಿ ತಿಕ್ತಿದ್ದೆ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಗಾಡಿ ಹೊರಟಿತು. ಮುಳ್ಳು ಮತ್ತೆ ಎಪ್ಪತ್ತು ಮುಟ್ಟಿತು. ಕುಣಿಗಲ್ ಕೆರೆ ಏರಿ ಕಾಣುವವರೆಗೂ ಅವನು ಆ ಚಕ್ರಕ್ಕೇ ಕಿವಿಕೊಟ್ಟು ಕೂತಿದ್ದ, ಒಂದೇ ಒಂದು ಸಲವಾದರೂ ಗಡಗಡ ಅನ್ನಲಿ ಎಂದು. ಅದು ಅನ್ನಲಿಲ್ಲ.